ಕಣಜದ ಕೋಣೆಗೆ ಬಂದವರು

ಶಿವಾಜಿನಗರದ ಬಸ್ಸು ಬಾಣಸವಾಡಿಯ ರೈಲ್ವೆ ಗೇಟಿನಲ್ಲಿ ನಿಂತು ಹತ್ತು ನಿಮಿಷವಾಗಿತ್ತು. ಗೂಡ್ಸು ಬರುತ್ತದೆ ಎಂದು ಗೇಟು ಹಾಕಿದ್ದರು, ಗೂಡ್ಸು ಮಾತ್ರ ಬರುವ ಲಕ್ಷಣ ಇರಲಿಲ್ಲ. ಜಗದೀಶನ ತೊಡೆಯ ಮೇಲೆ ಥರ್ಮೋಕೋಲಿನ ಬಿಳಿ ಪೆಟ್ಟಿಗೆ, ಅದರೊಳಗೆ ಇಪ್ಪತ್ತು ಕಿಟ್ಟು, ಅಂಗಿಯ ಜೇಬಿನಲ್ಲಿ ಬೆರಳಗಲದ ಫೋಟೋ ಚೂರು. ಪಕ್ಕದಲ್ಲಿ ಕೂತಿದ್ದ ಮುದುಕರು ಪೆಟ್ಟಿಗೆಯನ್ನು ಆಗಿನಿಂದ ನೋಡುತ್ತಿದ್ದರು. 'ಏನಪ್ಪ, ಐಸ್‌ಕ್ರೀಮಾ?' ಎಂದರು. ಅವನು ಕುಂಬಳಕಾಯಿ ಕಳ್ಳನ ಹಾಗೆ ಮೊದಲು ಜೇಬು ಮುಟ್ಟಿ ನೋಡಿಕೊಂಡ, ಆಮೇಲೆ, 'ಅಲ್ಲ ಯಜಮಾನ್ರೇ, ಟಿಬಿ ಇದೆಯಾ ಇಲ್ವಾ ಅಂತ ಕಂಡುಹಿಡಿಯೋ ಸಾಮಾನು' ಎಂದ. ಟಿಬಿ ಎಂಬ ಮಾತು ಬಿದ್ದದ್ದೇ ತಡ, ಮುದುಕರು ಪಂಚೆಯ ಚುಂಗನ್ನು ಎಳೆದುಕೊಂಡು ಕಿಟಕಿಯ ಕಡೆಗೆ ಒಂದು ಗೇಣು ಸರಿದರು. ಅವರ ತಪ್ಪೇನಿಲ್ಲ. ಜಗದೀಶನ ಅಪ್ಪನಿಗೆ ಟಿಬಿ ಬಂದು, ವರ್ಷಗಟ್ಟಲೆ ಗುಳಿಗೆ ನುಂಗಿ, ಪೂರ್ತಿ ವಾಸಿಯಾದ ಮೇಲೂ ಸ್ಟೇಷನ್ ರಸ್ತೆಯ ಟೀ ಅಂಗಡಿಯವನು ಅವರಿಗೆಂದು ಒಂದು ಲೋಟವನ್ನು ಬೇರೆಯೇ ಇಟ್ಟಿದ್ದ. ಅದೇ ಅಂಗಡಿಯಲ್ಲಿ ಜಾತಿಗೆ ಬೇರೆ ಲೋಟ ಇಡುವುದನ್ನು ನಿಲ್ಲಿಸಿ ಇನ್ನೂ ಮೂರು ವರ್ಷವಾಗಿರಲಿಲ್ಲ. ಅಪ್ಪ ಆ ಲೋಟವನ್ನು ತಾವೇ ತೊಳೆದು ಗೂಡಿನಲ್ಲಿ ಬೋರಲು ಹಾಕಿ ಬರುತ್ತಿದ್ದರು, ಜಗದೀಶ ಶಾಲೆಯ ಚೀಲ ಹೊತ್ತು ಹೊರಗೆ ಕಾಯುತ್ತಿದ್ದ.

ಇವತ್ತು ಗುರುವಾರ. ಬೆಳಿಗ್ಗೆ ಕಂಪನಿ ನಡೆಸುವ ಸುಕನ್ಯ ಮೇಡಂ ಪೆಟ್ಟಿಗೆಯ ಮುಚ್ಚಳಕ್ಕೆ ತಾವೇ ಟೇಪು ಸುತ್ತಿದ್ದರು. 'ಶಿವಾಜಿನಗರದಲ್ಲಿ ಐಸ್ ತುಂಬಿಸಿಕೊಂಡು ಸೀದಾ ಆಸ್ಪತ್ರೆಗೆ ಹೋಗಿ ಜಗದೀಶ್. ಡಾಕ್ಟರ್ ಭಗವಂತರಾಯರ ಕೈಗೇ ಕೊಡಿ. ನಲವತ್ತು ಜನರ ಕಫ ತೆಗೆದಿಟ್ಟುಕೊಂಡು ಕಾಯ್ತಿದ್ದಾರೆ' ಎಂದಿದ್ದರು. ಏಳು ತಿಂಗಳು ಆಸ್ಪತ್ರೆಯ ಬೆಂಚು ಸವೆಸಿದ ಮೇಲೆ ಸಿಕ್ಕ ದಿನ ಇದು. ಪರದೇಶದ ಕಿಟ್ಟಿನ ಪಕ್ಕದಲ್ಲಿ ಇವರ ಕಿಟ್ಟನ್ನಿಟ್ಟು ಡಾಕ್ಟರು ಹೋಲಿಸುತ್ತಾರೆ. ಒಪ್ಪಿದರೆ ಬಾಣಸವಾಡಿಯ ದನದ ಕೊಟ್ಟಿಗೆಯಲ್ಲಿ ಮಾಡಿದ ಸಾಮಾನು ಆಸ್ಪತ್ರೆಯೊಳಗೆ ಕಾಲಿಡುತ್ತದೆ. ಒಪ್ಪದಿದ್ದರೆ ಕಾಲೇಜುಗಳಿಗೆ ಕಿಣ್ವದ ಟ್ಯೂಬು ಮಾರಿಕೊಂಡು ಇರಬೇಕು, ಎಷ್ಟು ದಿನ ಇರಲಾಗುತ್ತದೋ ಅಷ್ಟು ದಿನ. 'ಟೆಸ್ಟ್ ಫೋಟೋ ಫೈಲಲ್ಲಿ ಹಾಕಿದ್ದೀರಾ?' ಎಂದು ಮೇಡಂ ಕೇಳಿದರು. ಹಾಕಿದ್ದೇನೆ ಎಂದ. ಅವರು ತೆರೆದು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಗೇಟಿನ ಹತ್ತಿರ ಕೂತಾಗ ಅನ್ನಿಸಿತು, ನಾಲ್ಕು ವರ್ಷದಲ್ಲಿ ಒಂದು ಸಲವೂ ತನ್ನ ಫೈಲನ್ನು ಅನುಮಾನದಿಂದ ತೆರೆಯದ ಆ ಹೆಂಗಸಿನ ಮೇಲೆ ಸಿಟ್ಟೇ ಬಂತು.

ಗೂಡ್ಸು ಬಂತು, ಹೋಯಿತು. ಬಸ್ಸು ಹಳಿ ದಾಟುವಾಗ ಪೆಟ್ಟಿಗೆ ಕುಲುಕಿತು, ಅವನು ಎರಡೂ ಕೈಯಿಂದ ಹಿಡಿದುಕೊಂಡ. ಈ ಕೈಯನ್ನು ನೋಡಿಯೇ ಮೇಡಂ ಅವನನ್ನು ಕೆಲಸಕ್ಕೆ ತೆಗೆದುಕೊಂಡದ್ದು. ದೊಡ್ಡ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಬಂದವರು ಅವರು. ಅಲ್ಲಿನ ಹಿರಿಯರೊಬ್ಬರು, 'ವಿಜ್ಞಾನ ಮಾಡೋಳು ಹೋಗಿ ಅಂಗಡಿ ಇಡ್ತೀಯೇನಮ್ಮ?' ಎಂದು ನಕ್ಕರಂತೆ. 'ಹೌದು ಸರ್. ಹೊರದೇಶದ ಒಂದು ಟ್ಯೂಬಿಗೆ ಆರು ವಾರ ಕಾಯ್ತೀವಿ, ಏರ್‌ಪೋರ್ಟಲ್ಲಿ ಐಸ್ ಕರಗಿ ಅದು ಬರೋಷ್ಟರಲ್ಲಿ ಸತ್ತಿರುತ್ತೆ. ನಮ್ಮ ಕೊಟ್ಟಿಗೆ ಖಾಲಿ ಇದೆ, ಅಲ್ಲೇ ಮಾಡ್ತೀನಿ' ಎಂದರಂತೆ ಇವರು. ಕೊಟ್ಟಿಗೆ ಖಾಲಿ ಇದ್ದದ್ದು ನಿಜ. ಹೊಲ ಲೇಔಟಿಗೆ ಹೋಯಿತು, ಹೊಲದ ಹಿಂದೆ ಹಸು ಹೋದವು. ತಂದೆ ರಾಮಾಂಜಿನಪ್ಪನವರು ಕೊಟ್ಟಿಗೆಯ ಬೀಗದ ಕೈ ಕೊಡುವಾಗ ಹಾಕಿದ ಷರತ್ತು ಒಂದೇ, ಕಂಪನಿಗೆ ಮನೆದೇವರ ಹೆಸರಿಡಬೇಕು. ಮೇಡಂ ಅವರ ತಾಯಿಯ ಹೆಸರೂ ಅದೇ. ಹಾಗಾಗಿ ಸುಣ್ಣ ಬಳಿದ ಕೊಟ್ಟಿಗೆಯ ಮೇಲೆ 'ಪಟಾಲಮ್ಮ ಬಯೋಟೆಕ್' ಎಂಬ ಬೋರ್ಡು ಬಂತು. ಬೀದಿಯವರು ಅದನ್ನು ಗೊಬ್ಬರದ ಅಂಗಡಿ ಎಂದುಕೊಂಡು ಯೂರಿಯಾ ಕೇಳಲು ಬರುತ್ತಿದ್ದರು.

ಮೊದಲ ವರ್ಷ ಬಿಸಿ ಮಾಡುವ ಯಂತ್ರವೂ ಇರಲಿಲ್ಲ. ಎಲ್ಲೋ ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಒಂದು ಸೂಕ್ಷ್ಮಜೀವಿ, ಅದರ ಒಂದು ಜೀನನ್ನು ಮಾಮೂಲಿ ಬ್ಯಾಕ್ಟೀರಿಯಾದೊಳಗೆ ಕೂರಿಸಿ ಬೆಳೆಸುತ್ತಾರೆ. ಬೆಳೆದದ್ದನ್ನು ಒಡೆದು, ಎಪ್ಪತ್ತೈದು ಡಿಗ್ರಿಗೆ ಬಿಸಿ ಮಾಡಿದರೆ ಬ್ಯಾಕ್ಟೀರಿಯಾದ ಮಿಕ್ಕೆಲ್ಲ ಪ್ರೋಟೀನುಗಳು ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿ ತಳ ಸೇರುತ್ತವೆ. ಬುಗ್ಗೆಯಿಂದ ಬಂದ, ಡಿಎನ್‌ಎಯನ್ನು ನಕಲು ಮಾಡುವ ಕಿಣ್ವ ಒಂದೇ ಮೇಲಿನ ತಿಳಿಯಲ್ಲಿ ಉಳಿಯುತ್ತದೆ. ಓದಿದಾಗ ಇದೊಂದು ಸಾಲು. ಜಗದೀಶ ಇದನ್ನು ಕಣ್ಣಾರೆ ಕಂಡದ್ದು ಬಚ್ಚಲುಮನೆಯ ತಾಮ್ರದ ಹಂಡೆಯಲ್ಲಿ. ಮೇಡಂ ಬಾಟಲಿಯನ್ನು ಹಗ್ಗ ಕಟ್ಟಿ ಹಂಡೆಯ ನೀರಿಗೆ ಇಳಿಬಿಟ್ಟಿದ್ದರು, ಪಟಾಲಮ್ಮನವರು ಒಲೆಯ ಮುಂದೆ ಕೂತು ತೆಂಗಿನ ಗರಿಯನ್ನು ಒಂದೊಂದೇ ತಳ್ಳುತ್ತ ಥರ್ಮಾಮೀಟರು ಎಪ್ಪತ್ತೈದು ದಾಟದಂತೆ ಒಂದು ಗಂಟೆ ಕಾದರು. 'ರಾಗಿ ಮುದ್ದೆ ಮಾಡೋಳಿಗೆ ಇದೇನ್ ದೊಡ್ಡ ವಿದ್ಯೇನಾ' ಎಂದರು. ಆಮೇಲೆ ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದಾಗ, ಕೆಳಗೆ ಹೆಪ್ಪು, ಮೇಲೆ ತಿಳಿ ನೀರು. ಸೀರೆಯ ಸೆರಗೆಲ್ಲ ಮಸಿಯಾಗಿತ್ತು, ಹಣೆಯ ಬೆವರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು, ಅವರು ನಗುತ್ತಿದ್ದರು. ಜಗದೀಶನಿಗೆ ಆ ಕ್ಷಣ ತಾನು ಇನ್ನೆಲ್ಲಿಗೂ ಹೋಗುವುದಿಲ್ಲ ಎಂದು ಗೊತ್ತಾಯಿತು. ಅದನ್ನು ಪ್ರೀತಿ ಎನ್ನಲು ಬಾರದು, ಭಕ್ತಿ ಎಂದರೆ ಮೇಡಂ ಬೈಯುತ್ತಾರೆ. ಒಬ್ಬರು ಒಂದು ಕೆಲಸವನ್ನು ಪೂರ್ತಿಯಾಗಿ ಮಾಡುವುದನ್ನು ನೋಡುವ ಸುಖ ಅದು.

ಕಾಕ್ಸ್ ಟೌನಿನಲ್ಲಿ ಮುದುಕರು ಇಳಿದರು. ಖಾಲಿಯಾದ ಸೀಟಿನ ಮೇಲೆ ಪೆಟ್ಟಿಗೆ ಇಡಬಹುದಿತ್ತು, ಇಡಲಿಲ್ಲ. ಕಿಟ್ಟಿನ ಕೆಲಸ ಶುರುವಾದ ಮೇಲೆ ಕೊಟ್ಟಿಗೆಯಲ್ಲಿ ಎರಡು ಕೋಣೆಯಾದವು. ದನ ಕಟ್ಟುತ್ತಿದ್ದ ಕಡೆ ಜೆಲ್ ಕೋಣೆ. ಯಂತ್ರದಲ್ಲಿ ಆ ಕಿಣ್ವ ಹಾಕಿದರೆ ರೋಗಾಣುವಿನ ಒಂದು ಡಿಎನ್‌ಎ ತುಣುಕು ಎರಡು ಗಂಟೆಯಲ್ಲಿ ಕೋಟಿಗಟ್ಟಲೆಯಾಗುತ್ತದೆ. ಆ ಟ್ಯೂಬನ್ನು ತೆರೆದು, ಅಂಟಿನಂಥ ಜೆಲ್ಲಿನಲ್ಲಿ ಓಡಿಸಿ, ಬಿಳಿಗೆರೆಯಾಗಿ ನೋಡುವ ಜಾಗ ಅದು. ಅಲ್ಲಿ ಗಾಳಿಯಲ್ಲೂ ಅದೇ ತುಣುಕು, ತೋಳಿನ ಮೇಲೂ ಅದೇ, ಚಪ್ಪಲಿಯ ತಳದಲ್ಲೂ ಅದೇ. ಅದರ ಆಚೆ, ಒಂದು ಗೋಡೆ ದಾಟಿ, ಹಿಂದೆ ರಾಗಿಯ ಕಣಜವಿದ್ದ ಕೋಣೆ. ಅದೇ ಶುದ್ಧ ಕೋಣೆ, ಕಿಟ್ಟಿನ ದ್ರಾವಣ ಬೆರೆಸುವುದು ಅಲ್ಲಿ. ಆ ತುಣುಕು ಒಂದೇ ಒಂದು ದ್ರಾವಣಕ್ಕೆ ಬಿದ್ದರೂ ರೋಗವಿಲ್ಲದ ಕಡೆಯೂ ಗೆರೆ ಮೂಡುತ್ತದೆ. ಜೆಲ್ ಕೋಣೆಗೆ ಹೋದವರು ಆ ದಿನ ಇತ್ತ ಕಾಲಿಡುವಂತಿಲ್ಲ. ಮನೆಗೆ ಹೋಗಿ, ಮೈ ತೊಳೆದು, ಬಟ್ಟೆ ಬದಲಿಸಿ, ಮರುದಿನ ಬರಬೇಕು. ಜೆಲ್ ಕೋಣೆಗೆ ನೀಲಿ ಚಪ್ಪಲಿ, ಇಲ್ಲಿಗೆ ಬಿಳಿ ಚಪ್ಪಲಿ. ಬಾಗಿಲಿಗೆ ದಾರದಲ್ಲಿ ಒಂದು ಪುಸ್ತಕ ತೂಗುಹಾಕಿದ್ದರು: ಹೆಸರು, ಸಮಯ, ಎಲ್ಲಿಂದ ಬಂದಿರಿ, ಒಳಗೆ ಬರಬಹುದೇ. ನಾಲ್ಕು ಕಾಲಮು. ಆ ಪುಸ್ತಕದಲ್ಲಿ ಇದ್ದದ್ದು ಎರಡೇ ಹೆಸರು, ಮೇಡಂ ಅವರದು ಮತ್ತು ಅವನದು.

ಮೊದಲ ಸಲ ಈ ನಿಯಮ ಕೇಳಿದಾಗ ಜಗದೀಶ ಹೊಸಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದ. ಮೈ ತೊಳೆದು ಬರಬೇಕು, ಮುಟ್ಟಬಾರದು, ಹೊಸಿಲು ದಾಟಬಾರದು: ಈ ಮಾತುಗಳನ್ನು ಈ ಅಂಗಳದಲ್ಲಿ ಅವನ ಮನೆಯವರು ಬೇರೆ ಅರ್ಥದಲ್ಲಿ ಕೇಳಿದ್ದರು. ಅವನ ಅಮ್ಮ ವೆಂಕಟಮ್ಮ ಹನ್ನೊಂದು ವರ್ಷ ಈ ಕೊಟ್ಟಿಗೆಯ ಸಗಣಿ ಬಾಚಿದವಳು. ಕೊಟ್ಟಿಗೆಯೊಳಗೆ ಹೋಗಬಹುದಿತ್ತು, ಕಣಜದ ಕೋಣೆಗೆ ಹೋಗುವಂತಿರಲಿಲ್ಲ. ಕೂಲಿಯ ರಾಗಿಯನ್ನು ಹೊಸಿಲಿನ ಒಳಗಿನಿಂದ ಮೊರದಲ್ಲಿ ಸುರಿಯುತ್ತಿದ್ದರು, ಅಮ್ಮ ಹೊಸಿಲಿನ ಹೊರಗೆ ಸೆರಗು ಒಡ್ಡಿ ನಿಲ್ಲುತ್ತಿದ್ದಳು. ಆದರೆ ಮೇಡಂ ಅವರ ನಿಯಮಕ್ಕೆ ಮುಖ ನೋಡುವ ಅಭ್ಯಾಸ ಇರಲಿಲ್ಲ. ಒಂದು ಶ್ರಾವಣದ ಶುಕ್ರವಾರ ಪಟಾಲಮ್ಮನವರೇ ಕಣಜದ ಕೋಣೆಯಲ್ಲಿ ದೀಪ ಹಚ್ಚಲು ಹೊರಟರೆ ಮಗಳು ಬಾಗಿಲಿಗೆ ಅಡ್ಡ ನಿಂತರು. ಕೂಲಿಯವರು ಬರುವುದು ನಿಂತ ಮೇಲೆ ಜೆಲ್ ಕೋಣೆಯ ಕಸ ಗುಡಿಸುತ್ತಿದ್ದದ್ದು ಅವರೇ ತಾನೆ. 'ನಮ್ಮನೆ ಕಣಜಕ್ಕೆ ನಾನೇ ಹೊರಗಿನೋಳಾದ್ನಾ?' ಎಂದು ಆಕೆ ಎರಡು ದಿನ ಮಗಳ ಹತ್ತಿರ ಮಾತು ಬಿಟ್ಟರು. ಇನ್ನೊಂದು ದಿನ ಮೇಡಂ ಮರೆತು ಜೆಲ್ ಕೋಣೆಯಲ್ಲಿ ಒಂದು ಗೆರೆ ನೋಡಲು ಕಾಲಿಟ್ಟರು, ಒಂದೇ ನಿಮಿಷ. ಅವತ್ತು ಶುದ್ಧ ಕೋಣೆಯಲ್ಲಿ ಜಗದೀಶ ಒಬ್ಬನೇ ಹೊಸ ದ್ರಾವಣ ಬೆರೆಸಬೇಕಾಗಿತ್ತು. ಮೂರು ಗಂಟೆ ಹೊತ್ತು, ಜಿನುಗುವ ಮಳೆಯಲ್ಲಿ, ಅವರು ಅಂಗಳದಲ್ಲಿ ನಿಂತು ಮುಚ್ಚಿದ ಕಿಟಕಿಯ ಗಾಜಿನ ಮೂಲಕ ಅವನಿಗೆ ಬೆರಳ ಲೆಕ್ಕದಲ್ಲಿ ಹೇಳಿಕೊಟ್ಟರು. ಒಳಗೆ ಬರಲಿಲ್ಲ. ತನ್ನದೇ ನಿಯಮದ ಮುಂದೆ ನೆನೆಯುತ್ತ ನಿಂತ ಆ ಹೆಂಗಸನ್ನು ಗಾಜಿನೊಳಗಿನಿಂದ ನೋಡುತ್ತ ಅವನು ಒಂದು ಹನಿಯೂ ಚೆಲ್ಲದಂತೆ ಬೆರೆಸಿದ. ಹೊಸಿಲಿನ ಅಳುಕು ಅವತ್ತಿನಿಂದ ಹೋಯಿತು ಎಂದೇ ತಿಳಿದಿದ್ದ.

ಮಂಗಳವಾರ ಮೇಡಂ ಆಸ್ಪತ್ರೆಗೆ ಹೋಗಿದ್ದರು. ಬೆಳಿಗ್ಗೆ ಅವನು ಶುದ್ಧ ಕೋಣೆಯಲ್ಲಿ ಕಿಟ್ಟಿನ ದ್ರಾವಣ ಬೆರೆಸಿಟ್ಟು, ಮಧ್ಯಾಹ್ನ ಜೆಲ್ ಕೋಣೆಯಲ್ಲಿ ಹಳೆಯ ಪರೀಕ್ಷೆ ಮುಗಿಸುತ್ತಿದ್ದ. ನಾಲ್ಕರ ಹೊತ್ತಿಗೆ ಅಮ್ಮ ಬಂದಳು. ಬೆಳಿಗ್ಗೆ ಅವನು ಮನೆಯಲ್ಲೇ ಮರೆತು ಬಂದಿದ್ದ ಊಟದ ಡಬ್ಬಿ ಅವಳ ಕೈಯಲ್ಲಿತ್ತು. ಹನ್ನೆರಡು ವರ್ಷದ ಮೇಲೆ ಆ ಅಂಗಳಕ್ಕೆ ಬಂದವಳು, ಹಳೆಯ ರೂಢಿಯಂತೆ ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟಿದ್ದಳು. ಪಟಾಲಮ್ಮನವರು ಜಗಲಿಯಿಂದ, 'ಏನೇ ವೆಂಕಟಮ್ಮ, ಮಗನಿಗೆ ಊಟ ತಂದ್ಯಾ?' ಎಂದರು. 'ಹೂಂ ಅಮ್ಮಾವ್ರೇ' ಎಂದು ಇವಳು ಬಗ್ಗಿದಳು. ಆ ಬಗ್ಗಿದ ಬೆನ್ನನ್ನು ನೋಡಿ ಜಗದೀಶನಿಗೆ ಏನಾಯಿತೋ. ಅಮ್ಮನ ಕೈ ಹಿಡಿದು, 'ಬಾಮ್ಮ, ನಾನು ಏನ್ ಕೆಲಸ ಮಾಡ್ತೀನಿ ತೋರಿಸ್ತೀನಿ' ಎಂದು ಸೀದಾ ಕಣಜದ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋದ. ಹೊಸಿಲಿನ ಹತ್ತಿರ ಅವಳ ಕಾಲು ತಾನಾಗಿ ನಿಂತಿತು. 'ಒಳಕ್ಕೆ ಬರಬೋದೇನಪ್ಪಾ?' ಎಂದಳು. ಅವನು ಉತ್ತರವನ್ನೂ ಕೊಡದೆ ಅವಳನ್ನು ಒಳಗೆ ಎಳೆದುಕೊಂಡ.

ಒಳಗೆ ಅವಳು ಏನನ್ನೂ ಮುಟ್ಟಲಿಲ್ಲ. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಉಸಿರು ತಾಗದಂತೆ ಸೆರಗಿನ ತುದಿಯನ್ನು ಬಾಯಿಗೆ ಹಿಡಿದು, ನಡುಮಧ್ಯೆ ನಿಂತಳು. ಸುಣ್ಣದ ಗೋಡೆ ನೋಡಿದಳು, ಫ್ರೀಜರು ನೋಡಿದಳು. 'ಇಲ್ಲೇ ಅಲ್ವಾ ಕಣಜ ಇದ್ದಿದ್ದು. ಇಷ್ಟೇಯಾ ಕೋಣೆ, ನಾನು ಇನ್ನೂ ದೊಡ್ಡದು ಅಂದ್ಕಂಡಿದ್ದೆ' ಎಂದಳು. ಅವನು ಉತ್ಸಾಹದಲ್ಲಿ ದ್ರಾವಣದ ಬಾಟಲಿಯನ್ನು ಹೊರತೆಗೆದು, ಮುಚ್ಚಳ ತಿರುಗಿಸಿ ತೆರೆದು, ಅವಳ ಮುಖದ ಮುಂದೆ ಹಿಡಿದ. 'ಇದೇ ನೋಡಮ್ಮ. ಅಪ್ಪನಂಥೋರಿಗೆ ಒಂದೇ ದಿನದಲ್ಲಿ ಹೇಳಿಬಿಡುತ್ತೆ, ಇದೆಯೋ ಇಲ್ವೋ ಅಂತ.' ಅಮ್ಮ ಇಣುಕಿದಳು. 'ನೀರಿನ ತರಾನೇ ಐತಲ್ಲೋ' ಎಂದು ಸೆರಗಿನೊಳಗೇ ನಕ್ಕಳು. ಅವನೂ ನಕ್ಕ. ಅವನಷ್ಟು ಸಂತೋಷವಾಗಿದ್ದವರು ಆ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಯಾರೂ ಇರಲಿಲ್ಲ. ಕಾಲಿನಲ್ಲಿ ನೀಲಿ ಚಪ್ಪಲಿ ಇದ್ದದ್ದು, ಮೈಮೇಲೆ ಜೆಲ್ ಕೋಣೆಯ ಕೋಟು ಇದ್ದದ್ದು ಅವನಿಗೆ ಗೊತ್ತಾದದ್ದು ಅಮ್ಮನನ್ನು ಬೀದಿಯವರೆಗೆ ಬಿಟ್ಟು ಬಂದ ಮೇಲೆ. ಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಏನೂ ಆಗಿರಲಿಕ್ಕಿಲ್ಲ ಎಂದು ರಾತ್ರಿಯೆಲ್ಲ ಹೇಳಿಕೊಂಡ. ಬುಧವಾರ ಬೆಳಿಗ್ಗೆ ತಣ್ಣೀರಿನಲ್ಲಿ ಎರಡು ಸಲ ಮಿಂದು ಬಂದು, ಅದೇ ದ್ರಾವಣವನ್ನು ಇಪ್ಪತ್ತು ಕಿಟ್ಟಿಗೂ, ಒಂದೊಂದರಲ್ಲಿ ಕೆಲವು ಪರೀಕ್ಷೆಗಾಗುವಷ್ಟು, ಹಂಚಿ, ಸಂಜೆ ಪರೀಕ್ಷೆ ಮಾಡಿದ. ಎಂಟು ಸಾಲು. ಏಳರಲ್ಲಿ ರೋಗದ ಡಿಎನ್‌ಎ ಹಾಕಿದ್ದ, ಏಳೂ ಗೆರೆ ಬರಬೇಕು, ಬಂತು. ಎಂಟನೆಯದು ಬರೀ ನೀರು, ಅದು ಕಪ್ಪಾಗಿ ಖಾಲಿ ಇರಬೇಕು. ಎಂಟನೆಯದರಲ್ಲೂ ಗೆರೆ ಇತ್ತು. ಮಬ್ಬು, ಉಗುರಿನಲ್ಲಿ ಗೀರಿದಷ್ಟು, ಆದರೆ ಇತ್ತು. ಫೋಟೋ ತೆಗೆದ, ಬಿಳಿ ಅಂಚಿನ ಕಾಗದ ಕ್ಯಾಮರಾದಿಂದ ಹೊರಬಂದು ಕೈಯಲ್ಲಿ ನಿಧಾನವಾಗಿ ಮೂಡಿತು. ಮೇಡಂ ಆಗ ಅಂಗಳದಲ್ಲಿ ಫೋನಿನಲ್ಲಿದ್ದರು, 'ನಾಳೆ ಖಂಡಿತ ಡಾಕ್ಟ್ರೇ' ಎನ್ನುತ್ತಿದ್ದರು. ಹೋಗಿ ಹೇಳಬೇಕಿತ್ತು. ಏನೆಂದು ಹೇಳುವುದು? ದ್ರಾವಣ ಕೆಟ್ಟಿದೆ. ಯಾಕೆ ಕೆಟ್ಟಿತು? ಕೋಣೆಗೆ ಯಾರು ಬಂದಿದ್ದರು? ಅಮ್ಮ ಬಂದಿದ್ದಳು. ಆ ಮಾತನ್ನು ಬಾಯಲ್ಲಿ ಜೋಡಿಸಿ ನೋಡಿದ. ಅಮ್ಮ ಕಣಜದ ಕೋಣೆಯೊಳಗೆ ಬಂದಳು, ಅದಕ್ಕೆ ಕೋಣೆ ಕೆಟ್ಟಿತು. ಈ ಅಂಗಳದಲ್ಲಿ, ಜಗಲಿಯ ಮೇಲೆ ಪಟಾಲಮ್ಮನವರು ಕೂತಿರುವಾಗ, ಅವನ ಬಾಯಿಂದಲೇ ಆ ಮಾತು ಬರಬೇಕೆ? ಜಿರಲೆ ಹೊಕ್ಕಿತ್ತು ಎನ್ನಲೆ, ಫ್ರೀಜರು ಕೈಕೊಟ್ಟಿತು ಎನ್ನಲೆ ಎಂದು ಯೋಚಿಸುತ್ತ ಡ್ರಾಯರು ತೆರೆದ. ಕತ್ತರಿ ಅಲ್ಲಿತ್ತು. ಎಂಟನೆಯ ಸಾಲನ್ನು ನೆಟ್ಟಗೆ, ಒಂದು ಕೂದಲೆಳೆ ಸೊಟ್ಟವಾಗದಂತೆ ಕತ್ತರಿಸಿದ. ಒಳ್ಳೆಯ ಕೈ ಅವನದು.

ರಸೆಲ್ ಮಾರ್ಕೆಟ್ಟಿನ ಹಿಂದೆ ಮೀನಿನ ಸಾಲಿನಲ್ಲಿ ನೆಲ ಯಾವತ್ತೂ ಒದ್ದೆ. ಮಂಜೂರನ ಅಂಗಡಿಯಿಂದ ಕಂಪನಿ ಐಸು ತರುವುದು ಮೂರು ವರ್ಷದ ರೂಢಿ. ಕಾಲೇಜುಗಳಿಗೆ ಹೋಗುವ ಟ್ಯೂಬುಗಳಿಗೆ ಸ್ವಲ್ಪ ಮೀನಿನ ವಾಸನೆ ಇರುತ್ತಿತ್ತು, ಯಾರೂ ದೂರಿರಲಿಲ್ಲ. ಮಂಜೂರ್ ಗೋಣಿ ಸರಿಸಿ ಐಸಿನ ಹಲಗೆಯನ್ನು ಒಡೆಯುತ್ತ, 'ಆವೋ ಸಾರ್, ಇವತ್ತು ದೊಡ್ಡ ಡಬ್ಬಾ! ಆಸ್ಪತ್ರೇಗಾ?' ಎಂದ. ಹೌದೆಂದು ಜಗದೀಶ ಪೆಟ್ಟಿಗೆಯ ಟೇಪು ಕಿತ್ತ. 'ನೀವು ಹೇಳಿದ್ರಿ ಅಂತ ನಮ್ಮ ಮೆಹರುನ್ನೀಸಾನ ಅಲ್ಲೇ ಕರ್ಕೊಂಡೋಗಿದ್ದೆ ಸಾರ್. ಕಫ ಇಸ್ಕೊಂಡ್ರು. ಹೊಸ ಟೆಸ್ಟು ಬರ್ತಾ ಇದೆ, ನಿಮ್ಮಂಥೋರು ನಲವತ್ತು ಜನಕ್ಕೆ ಮೊದಲು ಮಾಡ್ತೀವಿ ಅಂದ್ರು.' ಜಗದೀಶನ ಕೈ ಟೇಪಿನ ಮೇಲೆ ನಿಂತಿತು. ತಿಂಗಳ ಹಿಂದೆ ಇದೇ ಜಾಗದಲ್ಲಿ, ಹೆಂಡತಿಗೆ ಕೆಮ್ಮು ನಿಂತಿಲ್ಲ ಎಂದು ಮಂಜೂರ್ ಹೇಳಿದಾಗ, ತಾನೇ ದೊಡ್ಡಸ್ತಿಕೆಯಿಂದ ಆ ಆಸ್ಪತ್ರೆಯ ಹೆಸರು ಹೇಳಿದ್ದು ನೆನಪಾಯಿತು.

'ಅವಳಿಗೆ ಒಂದೇ ಭಯ ಸಾರ್. ಟಿಬಿ ಅಂತ ಬಂದ್ರೆ ಮಗಳ ಮನೇಲಿ ಮೊಮ್ಮಗೂನ ಎತ್ಕೊಳ್ಳೋಕೆ ಬಿಡಲ್ಲ. ಇದೆ ಅಂದ್ರೆ ಇದೆ, ಔಷಧಿ ತಿನ್ನೋಣ. ಇಲ್ದೆ ಇರೋದು ಇದೆ ಅಂತ ಬರಬಾರದು, ಅಷ್ಟೇ.' ಮಂಜೂರ್ ಎರಡು ಕೈಯಲ್ಲಿ ಪುಡಿ ಐಸು ಎತ್ತಿಕೊಂಡು ಪೆಟ್ಟಿಗೆಗೆ ಬಗ್ಗಿದ. 'ನಿಮ್ಮ ಟೆಸ್ಟು ಹಂಗೆಲ್ಲ ಮಾಡಲ್ಲ, ಅಲ್ವಾ ಸಾರ್?'

ಜಗದೀಶ ಕಿತ್ತ ಟೇಪನ್ನು ಬೆರಳಿನಲ್ಲಿ ಉಂಡೆ ಮಾಡಿದ. ಮಂಜೂರ್ ಐಸಿನ ಮೇಲೆ ಐಸು ಸುರಿದು, ಪ್ರತಿ ಕಿಟ್ಟಿನ ಸುತ್ತ ಬೆರಳಿನಲ್ಲಿ ಒತ್ತಿ, ದೇವರಿಗೆ ಹೂ ಏರಿಸಿದಷ್ಟು ಜತನದಿಂದ ಮುಚ್ಚಳ ಕೂರಿಸಿದ. ಬರೀ ನೀರಿನಲ್ಲಿ ಗೆರೆ ತೋರಿಸುವ ಕಿಟ್ಟು ಮೆಹರುನ್ನೀಸಾಳ ಕಫದಲ್ಲಿ ತೋರಿಸದೆ ಬಿಡುತ್ತದೆಯೆ? ನಲವತ್ತು ಜನಕ್ಕೂ ಇದೆ ಎನ್ನುತ್ತದೆ. ಡಾಕ್ಟರು ಗಟ್ಟಿಗರಾದರೆ ಹಿಡಿದುಬಿಡುತ್ತಾರೆ, ಮೇಡಂ ಅವರ ಹೆಸರು ಅವತ್ತಿಗೆ ಮುಗಿಯುತ್ತದೆ. ಹಿಡಿಯದಿದ್ದರೆ ಶಿವಾಜಿನಗರದ ಯಾವುದೋ ಮನೆಯಲ್ಲಿ ಒಂದು ಲೋಟ ಬೇರೆಯಾಗುತ್ತದೆ. ಆಸ್ಪತ್ರೆ ಅಲ್ಲಿಂದ ನಡೆದರೆ ಕಾಲು ಗಂಟೆ. ಅವನು ಸ್ಟ್ಯಾಂಡಿಗೆ ಹೋಗಿ ಬಾಣಸವಾಡಿಯ ಬಸ್ಸು ಹತ್ತಿದ. ಬಸ್ಸು ಹೊರಟ ಮೇಲೂ ಇಳಿದುಬಿಡಲೇ ಎಂದು ಕೋಲ್ಸ್ ಪಾರ್ಕಿನವರೆಗೆ ಯೋಚಿಸುತ್ತಲೇ ಇದ್ದ. ತಾನು ಧೈರ್ಯವಂತ ಎಂದು ಅವನಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ, ಪೆಟ್ಟಿಗೆಯಿಂದ ಸೋರಿದ ನೀರಿಗೆ ಪ್ಯಾಂಟು ಒದ್ದೆಯಾಗಿ ತೊಡೆ ಮರಗಟ್ಟಿತ್ತು.

'ಯಾಕಪ್ಪ ವಾಪಸ್ ಬಂದೆ?' ಎಂದು ಪಟಾಲಮ್ಮನವರು ಜಗಲಿಯಿಂದ ಕೇಳಿದರು. ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಜಗದೀಶ ಅಂಗಳ ದಾಟಿ ಮುಂದೆ ನಡೆದ. ಮೇಡಂ ಹೊರಗಿನ ಮೇಜಿನ ಮುಂದೆ ಏನೋ ಬರೆಯುತ್ತಿದ್ದವರು ತಲೆಯೆತ್ತಿ, ಪೆಟ್ಟಿಗೆ ನೋಡಿದರು, ಅವನ ಮುಖ ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. ಅವನು ಜೇಬಿನಿಂದ ಚೂರನ್ನು ತೆಗೆದು ಮೇಜಿನ ಮೇಲಿಟ್ಟ. ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೈಲು ತೆರೆದು, ಕತ್ತರಿಸಿದ ಫೋಟೋದ ಅಂಚಿಗೆ ಚೂರಿನ ಅಂಚನ್ನು ತಂದು ಕೂರಿಸಿದರು. ಎರಡೂ ಸರಿಯಾಗಿ ಕೂಡಿದವು.

'ನೀರು' ಎಂದರು.

'ಹೌದು ಮೇಡಂ.'

'ಯಾವಾಗ ಗೊತ್ತಾಯ್ತು?'

'ನೆನ್ನೆ ಸಂಜೆ.'

'ಬ್ಯಾಚ್ ಹೋದ್ರೆ ಇನ್ನೊಂದು ಬ್ಯಾಚ್ ಮಾಡ್ತೀನಿ ಜಗದೀಶ್. ಕತ್ತರಿ ಹಿಡಿದ ಕೈನ ನಾನು ಏನ್ ಮಾಡ್ಲಿ?' ಅವರ ದನಿ ಏರಲಿಲ್ಲ. ಏರಿದ್ದರೆ ಎಷ್ಟೋ ವಾಸಿಯಿತ್ತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಕಣ್ಣು ತನ್ನ ಕೈಯನ್ನು ಬೇರೆಯವರ ಕೈ ನೋಡಿದಂತೆ ನೋಡಿದ್ದು ಅವನಿಗೆ ಕಂಡಿತು, ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಕೈಯನ್ನು ಹಿಂದೆ ಕಟ್ಟಿಕೊಂಡ. 'ಹೇಗೆ ಬಂತು ಹೇಳಿ' ಎಂದರು ಅವರು.

ಅವನು ಹೇಳಿದ. ಜಗಲಿಯ ಮೇಲೆ ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು, ಆದರೂ ಹೇಳಿದ. 'ಮಂಗಳವಾರ ನಮ್ಮಮ್ಮನ್ನ ಶುದ್ಧ ಕೋಣೆ ಒಳಗೆ ಕರ್ಕೊಂಡ್ ಹೋಗಿದ್ದೆ ಮೇಡಂ. ಅದಕ್ಕೇ...'

'ಅದಕ್ಕೇ ಏನು?' ಮೇಡಂ ಹುಬ್ಬು ಗಂಟಿಕ್ಕಿದರು. ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. 'ಅವರು ಎಲ್ಲಿಂದ ಬಂದ್ರು?'

'ಮನೆಯಿಂದ.'

'ಜೆಲ್ ಕೋಣೆಗೆ ಹೋಗಿದ್ರಾ?'

'ಇಲ್ಲ, ಬಾಗಿಲಿನ ಹತ್ತಿರಾನೂ ಹೋಗ್ಲಿಲ್ಲ.'

'ಚಪ್ಪಲಿ?'

'ಬೀದಿಯಲ್ಲೇ ಬಿಟ್ಟಿದ್ರು.'

'ಏನಾದ್ರೂ ಮುಟ್ಟಿದ್ರಾ?'

'ಕೈ ಸೆರಗಲ್ಲಿ ಸುತ್ಕೊಂಡಿದ್ರು. ಬಾಯಿಗೂ ಸೆರಗು ಹಿಡಿದಿದ್ರು.'

'ಬಾಟಲಿ ತೆರೆದಿದ್ದು ಯಾರು?'

'ನಾನು. ಜೆಲ್ ಕೋಣೆಯ ಕೋಟಲ್ಲೇ ಇದ್ದೆ. ಕಾಲಲ್ಲಿ ನೀಲಿ ಚಪ್ಪಲಿ.'

ಮೇಡಂ ಕುರ್ಚಿಗೆ ಒರಗಿದರು. 'ಮತ್ತೆ ಅಮ್ಮನ ಮಾತು ಯಾಕೆ ತೆಗೆದ್ರಿ? ಅವತ್ತು ಈ ಅಂಗಳದಲ್ಲಿದ್ದೋರಲ್ಲಿ ಆ ಕೋಣೆಗೆ ಹೋಗಬಹುದಾಗಿದ್ದೋರು ಅವರೊಬ್ಬರೇ.' ಕಣಜದ ಕೋಣೆಯ ಕಡೆ ನೋಡಿ, 'ಇಷ್ಟು ವರ್ಷದಲ್ಲಿ ಯಾರೂ ಇಷ್ಟು ಚೆನ್ನಾಗಿ ಆ ಕೋಣೆಯಲ್ಲಿ ನಿಂತಿಲ್ಲ' ಎಂದರು.

'ಅವಳನ್ನ ಬಿಟ್ರಿ, ನನ್ನ ಬಿಡಲಿಲ್ಲ' ಎಂದರು ಪಟಾಲಮ್ಮನವರು ಜಗಲಿಯಿಂದ. ದನಿಯಲ್ಲಿ ಮುನಿಸು ಇತ್ತು, ಹಳೆಯದೇನೋ ಇದ್ದರೂ ಇದ್ದಿರಬಹುದು.

'ನೀನು ದಿನಾ ಜೆಲ್ ಕೋಣೆ ಗುಡಿಸ್ತೀಯಲ್ಲಮ್ಮ. ನಿನ್ನ ಬಿಡೋಕಾಗಲ್ಲ' ಎಂದರು ಮಗಳು, ಹಿಂತಿರುಗಿಯೂ ನೋಡದೆ. ಪಟಾಲಮ್ಮನವರು ಮೊರವನ್ನು ಮಡಿಲಿಗೆ ಎಳೆದುಕೊಂಡರು.

ಫೋನು ಮಾಡಿದ್ದು ಜಗದೀಶನ ಎದುರಿನಲ್ಲೇ. 'ಡಾಕ್ಟ್ರೇ, ನಮ್ಮ ನೀರಿನಲ್ಲಿ ಗೆರೆ ಬಂದಿದೆ. ಕಿಟ್ ಕಳಿಸಲ್ಲ... ಹೌದು, ಇಪ್ಪತ್ತೂ... ನಮ್ಮದೇ ತಪ್ಪು.' ಏಳು ತಿಂಗಳು ಕಾದ ದಿನವನ್ನು ಅವರು ಮೂರು ಮಾತಿನಲ್ಲಿ ಬಿಟ್ಟುಕೊಟ್ಟರು, ಯಾರ ಹೆಸರನ್ನೂ ಹೇಳಲಿಲ್ಲ. ಆ ಕಡೆಯಿಂದ ಡಾಕ್ಟರು ಏನೇನೋ ಅಂದರು, ಮೇಡಂ ಹೂಂ, ಹೂಂ ಎಂದು ಕೇಳಿದರು. ಫೋನಿಟ್ಟು, 'ಕಫ ಫ್ರೀಜರಲ್ಲಿ ಮೂರು ವಾರ ಇಟ್ಕೊಂಡಿರ್ತಾರಂತೆ. ನಾಲ್ಕನೇ ವಾರ ಕಾಯಲ್ವಂತೆ' ಎಂದರು. ಆಮೇಲೆ ಟೇಪು ತೆಗೆದುಕೊಂಡು, ಚೂರನ್ನು ಫೋಟೋಕ್ಕೆ ಅಂಟಿಸಿ, ಅಡ್ಡಲಾಗಿ ಸಹಿ ಹಾಕಿ, ಪೆನ್ನನ್ನು ಅವನ ಕಡೆ ತಳ್ಳಿದರು. ಅವರ ಸಹಿಯ ಕೆಳಗೆ ಅವನೂ ಸಹಿ ಮಾಡಿದ. 'ಮೂರು ವಾರ ನಿಮ್ಮ ಪ್ರತಿ ಫೋಟೋನೂ ನಾನು ನೋಡ್ತೀನಿ' ಎಂದರು. ಅವನು ತಲೆಯಾಡಿಸಿದ. ಕೆಲಸದಿಂದ ತೆಗೆದಿಲ್ಲ ಎಂಬುದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

'ಬನ್ನಿ' ಎಂದು ಮೇಡಂ ಎದ್ದು ಕಣಜದ ಕೋಣೆಯ ಬಾಗಿಲಿಗೆ ನಡೆದರು. ಜೆಲ್ ಕೋಣೆಯ ಫೋಟೋ ಮುಟ್ಟಿದ ಕೈ ಇಬ್ಬರದೂ, ಇಬ್ಬರೂ ಇವತ್ತು ಹೊಸಿಲು ದಾಟುವಂತಿಲ್ಲ. ಇಬ್ಬರೂ ಹೊರಗೇ ನಿಂತರು. ಅಮ್ಮ ಸೆರಗು ಒಡ್ಡುತ್ತಿದ್ದದ್ದು ಇದೇ ಕಲ್ಲಿನ ಮೇಲೆ. ಮೇಡಂ ದಾರದಲ್ಲಿದ್ದ ಪುಸ್ತಕವನ್ನು ತೆರೆದು ಹಿಡಿದರು.

'ಮಂಗಳವಾರದ್ದು ಖಾಲಿ ಇದೆ. ಬಂದೋರ ಹೆಸರೆಲ್ಲ ಇದರಲ್ಲಿ ಇರಬೇಕು. ಬರೀರಿ.'

ಅವನು ಬರೆದ. ಜಗದೀಶ್. ನಾಲ್ಕು ಗಂಟೆ. ಜೆಲ್ ಕೋಣೆಯಿಂದ. ಕೊನೆಯ ಕಾಲಮಿನಲ್ಲಿ, ಒಳಗೆ ಬರಬಹುದೇ ಎಂಬುದರ ಕೆಳಗೆ, ಬರಬಾರದು ಎಂದು ಬರೆದ.

'ಇನ್ನೊಬ್ಬರದು?'

ಅವನು ಪೆನ್ನನ್ನು ಕೆಳಗಿನ ಸಾಲಿಗೆ ತಂದ. ಅಕ್ಷರಗಳು ಕಣ್ಣಲ್ಲಿ ಕಲಸಿಹೋಗುತ್ತಿದ್ದವು, ತೋಳಿನಿಂದ ಒರೆಸಿಕೊಂಡ. ವೆಂಕಟಮ್ಮ. ನಾಲ್ಕು ಗಂಟೆ. ಮನೆಯಿಂದ. ಆಮೇಲೆ ಕೊನೆಯ ಕಾಲಮಿಗೆ ಬಂದು, ಎರಡು ದಿನದ ಹಿಂದೆ ಅವಳು ಇಲ್ಲಿಯೇ ನಿಂತು ಕೇಳಿದ್ದಕ್ಕೆ ಉತ್ತರವನ್ನು ನಿಧಾನವಾಗಿ, ದುಂಡಗೆ ಬರೆದ. ಬರಬಹುದು.